26 ಲಕ್ಷದಲ್ಲಿ ಒಂದು ಪಾಲು

1999ರ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ‘ವೈಸರ್’ ಎಂಬ ಅಂಗೈಗಣಕದ ಬೆನ್ನಿನಲ್ಲಿ ಒಂದು ಗೂಡಿತ್ತು. ಗೂಡಿನೊಳಗೆ 68 ಪಿನ್ನುಗಳು. ಪಾಮ್ ಪೈಲಟ್ ಹುಟ್ಟುಹಾಕಿದ ಜೆಫ್ ಹಾಕಿನ್ಸ್ ಮತ್ತು ಡೊನ್ನಾ ಡುಬಿನ್‌ಸ್ಕಿ ಪಾಮ್ ಕಂಪನಿಯಿಂದ ಹೊರಬಂದು, ಎಡ್ ಕಾಲಿಗನ್ ಜೊತೆಗೂಡಿ 1998ರಲ್ಲಿ ಕಟ್ಟಿದ ಹ್ಯಾಂಡ್‌ಸ್ಪ್ರಿಂಗ್ ಕಂಪನಿಯ ಸಾಧನ ಅದು. ಗೂಡಿಗೆ ಅವರಿಟ್ಟ ಹೆಸರು ಸ್ಪ್ರಿಂಗ್‌ಬೋರ್ಡ್. ಅದರೊಳಗೆ ಕ್ಯಾಮೆರಾ ತೂರಿಸಿದರೆ ಗಣಕ ಕ್ಯಾಮೆರಾ ಆಗುತ್ತಿತ್ತು, ಫೋನ್ ತೂರಿಸಿದರೆ ಫೋನ್. ಬೇಕಾದ ತಂತ್ರಾಂಶ ಆ ಮಾಡ್ಯೂಲಿನೊಳಗೇ ಇರುತ್ತಿದ್ದರಿಂದ ಸ್ಥಾಪನೆಯ ರಗಳೆಯಿಲ್ಲ, ಗಣಕವನ್ನು ಆರಿಸಿ ಹೊತ್ತಿಸಬೇಕಿಲ್ಲ. ಆ ಗೂಡಿಗೆ ಸಂಗೀತವನ್ನು, ಅದೂ ಒಳ್ಳೆಯ ಗುಣಮಟ್ಟದ ಸಂಗೀತವನ್ನು ತರಲು ಹೊರಟ ಎಂಜಿನಿಯರನ ಮುಂದೆ ಯಾವ ಯಾವ ಅಂಕಿಗಳು ಬಂದು ನಿಲ್ಲುತ್ತವೆ ಎಂಬುದನ್ನು ಲೆಕ್ಕ ಹಾಕುತ್ತ ಹೋದರೆ, ಒಂದು ಸಣ್ಣ ಹಸಿರು ಬೋರ್ಡಿನ ಮೇಲೆ ಇಷ್ಟು ದೊಡ್ಡ ಮತ್ತು ಇಷ್ಟು ಚಿಕ್ಕ ಸಂಖ್ಯೆಗಳು ಒಟ್ಟಿಗೆ ಬಾಳುವುದಾದರೂ ಹೇಗೆ ಎಂದು ಬೆರಗಾಗುತ್ತದೆ.

ಮೊದಲು ನೆನಪಿನ ಲೆಕ್ಕ. ಸಿ.ಡಿ.ಯಲ್ಲಿರುವ ಸಂಗೀತ ಎಂದರೆ ಸೆಕೆಂಡಿಗೆ 44,100 ಅಳತೆಗಳು. ಎಡಗಿವಿಗೊಂದು, ಬಲಗಿವಿಗೊಂದು ಎಂದು ಎರಡು ಸಾಲು, ಒಂದೊಂದು ಅಳತೆಗೂ 16 ಬಿಟ್. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್‌ಗಳು, ಅಂದರೆ 1,76,400 ಬೈಟ್‌ಗಳು. ವೈಸರ್ ಡೀಲಕ್ಸ್ ಮಾದರಿಯ ಒಟ್ಟು ನೆನಪು 8 ಮೆಗಾಬೈಟ್. ಅದರಲ್ಲಿದ್ದ ವಿಳಾಸ, ದಿನಚರಿ, ಟಿಪ್ಪಣಿ ಎಲ್ಲವನ್ನೂ ಅಳಿಸಿ ಬರೀ ಸಂಗೀತ ತುಂಬಿದರೆ ಅದು 47 ಸೆಕೆಂಡಿಗೆ ಭರ್ತಿ. ಒಂದು ಆಲಾಪದ ಮೊದಲ ಉಸಿರು ಮುಗಿಯುವಷ್ಟರಲ್ಲಿ ಗಣಕದ ನೆನಪೇ ಮುಗಿಯಿತು. ಎಂಪಿ3ಯ ಮೂಲಕ 11 ಪಟ್ಟು ಹಿಂಡಿ, ಸೆಕೆಂಡಿಗೆ 1,28,000 ಬಿಟ್‌ಗಳಿಗೆ ಇಳಿಸಿದರೂ 8 ನಿಮಿಷ 44 ಸೆಕೆಂಡ್ ಅಷ್ಟೇ.

ಹಿಂಡಿದ್ದನ್ನು ಬಿಡಿಸಬೇಕಲ್ಲ, ಅಲ್ಲಿ ಎರಡನೆಯ ಲೆಕ್ಕ. ವೈಸರ್‌ನ ಮಿದುಳು ಮೊಟೊರೊಲಾ ಕಂಪನಿಯ ಡ್ರ್ಯಾಗನ್‌ಬಾಲ್ ಚಿಪ್. ಅದು ಸೆಕೆಂಡಿಗೆ ಸುಮಾರು 1 ಕೋಟಿ 66 ಲಕ್ಷ ಸಲ ಮಿಡಿಯುತ್ತಿತ್ತು. ಎರಡು ಕಿವಿಗೆ ಸೇರಿ ಸೆಕೆಂಡಿಗೆ 88,200 ಅಳತೆ ತಯಾರಾಗಬೇಕೆಂದರೆ ಒಂದೊಂದಕ್ಕೆ ಸಿಗುವುದು 188 ಮಿಡಿತ. ಈ ಚಿಪ್‌ಗೆ 16 ಬಿಟ್‌ಗಳ ಎರಡು ಸಂಖ್ಯೆಗಳನ್ನು ಗುಣಿಸಲು ಕಡಿಮೆಯೆಂದರೆ 38, ಹೆಚ್ಚೆಂದರೆ 70 ಮಿಡಿತ ಬೇಕು. ಹಾಗಾಗಿ ಒಂದು ಅಳತೆಗೆ ಐದು ಗುಣಾಕಾರ ಮಾಡಲೂ ಪುರುಸೊತ್ತಿಲ್ಲ. ಎಂಪಿ3 ಬಿಡಿಸುವ ಕೆಲಸದ ಕೊನೆಯ ಹಂತವೊಂದೇ, ಅಂದರೆ 32 ಆವರ್ತನ ಪಟ್ಟಿಗಳನ್ನು ಮರಳಿ ಒಂದು ಧ್ವನಿಯಾಗಿ ಹೆಣೆಯುವ ಸೋಸಕ, ನೇರವಾಗಿ ಲೆಕ್ಕ ಮಾಡಿದರೆ ಪ್ರತಿ ಅಳತೆಗೆ 80 ಗುಣಾಕಾರ ಬೇಡುತ್ತದೆ. ಗಣಿತದ ಜಾಣ ಅಡ್ಡದಾರಿ ಹಿಡಿದು, 32 ಅಳತೆಗಳ ಗುಂಪಿನ ಲೆಕ್ಕದ ಒಂದು ಭಾಗವನ್ನು 2,048 ಗುಣಾಕಾರಗಳ ಜಾಗದಲ್ಲಿ 80ರಲ್ಲೇ ಮುಗಿಸುವ ವಿಧಾನ ಬಳಸಿದರೂ ಸರಾಸರಿ ಹದಿನೆಂಟೂವರೆಗೆ ಇಳಿಯುತ್ತದೆ, ಅದಕ್ಕಿಂತ ಕೆಳಗಿಲ್ಲ. ಇರುವ ಸಮಯಕ್ಕಿಂತ ಮೂರೂವರೆ ಪಟ್ಟು ಹೆಚ್ಚು, ಅದೂ ಉಳಿದ ಕೆಲಸಗಳನ್ನು ಎಣಿಸುವ ಮೊದಲೇ. ಈ ಗಣಕ ಎಷ್ಟೇ ತಿಣುಕಿದರೂ ಹಾಡಲಾರದು.

ಆದ್ದರಿಂದ ಮಾಡ್ಯೂಲು ತನ್ನ ಮಿದುಳನ್ನು ತಾನೇ ಹೊತ್ತು ತರಬೇಕಾಯಿತು. ಇನ್ನೊಗೇರ್ ಕಂಪನಿಯ ಮಿನಿಜ್ಯಾಮ್, ಗುಡ್ ಟೆಕ್ನಾಲಜಿಯ ಸೌಂಡ್ಸ್‌ಗುಡ್ ಎಂಬ ಎರಡು ಸ್ಪ್ರಿಂಗ್‌ಬೋರ್ಡ್ ಮಾಡ್ಯೂಲುಗಳು ಹೀಗೆಯೇ ಎಂಪಿ3 ಹಾಡಿದವು. ಗಣಕದ ಪಾಲಿಗೆ ಉಳಿದದ್ದು ಹಾಡಿನ ಹೆಸರು ತೋರಿಸುವುದು, ಬೆರಳಿನ ಒತ್ತು ತಲುಪಿಸುವುದು. ಇಷ್ಟಾದರೆ ಸಂಗೀತ ಬಂತು. ಒಳ್ಳೆಯ ಸಂಗೀತ ಇನ್ನೂ ಬಂದಿಲ್ಲ. ಬಿಟ್‌ಗಳನ್ನು ಬಿಡಿಸುವುದು ವೇಗದ ಚಿಪ್ ಕೊಂಡರೆ ತೀರುವ ಸಮಸ್ಯೆ. ಬಿಡಿಸಿದ ಬಿಟ್‌ಗಳು ವೋಲ್ಟೇಜ್ ಆಗಿ ಇಯರ್‌ಫೋನಿನ ತಂತಿಗೆ ಇಳಿಯುವ ಆ ಕೊನೆಯ ಒಂದೆರಡು ಅಂಗುಲಗಳಲ್ಲಿ ಹಣ ಕೊಟ್ಟರೂ ತೀರದ ಸಮಸ್ಯೆಗಳಿವೆ. ನನ್ನ ಮಟ್ಟಿಗೆ ಈ ವಿನ್ಯಾಸದ ಜೀವ ಇರುವುದೇ ಅಲ್ಲಿ. ಇಂಥ ಬೋರ್ಡ್ ಕಟ್ಟುವವರು ನಿಜವಾಗಿ ಕಟ್ಟುವುದು ಶಬ್ದವನ್ನಲ್ಲ, ನಿಶ್ಶಬ್ದವನ್ನು.

ಯಾಕೆಂದರೆ ಆ ತಂತಿಯ ಆಚೆ ತುದಿಯಲ್ಲಿರುವುದು ಮನುಷ್ಯನ ಕಿವಿ. ನಮ್ಮ ಸುತ್ತಲಿನ ವಾಯುವಿನ ಒತ್ತಡ 1,01,325 ಪಾಸ್ಕಲ್. ಆರೋಗ್ಯವಂತ ಎಳೆಯ ಕಿವಿ ಗುರುತಿಸಬಲ್ಲ ಅತಿ ಕ್ಷೀಣ ಶಬ್ದದಲ್ಲಿ ಆ ಒತ್ತಡ ಏರಿಳಿಯುವುದು ಒಂದು ಪಾಸ್ಕಲ್‌ನ 50,000ದಲ್ಲಿ ಒಂದು ಪಾಲು. ಅಂದರೆ ವಾಯುವಿನ ಒತ್ತಡ 500 ಕೋಟಿಯಲ್ಲಿ ಒಂದು ಪಾಲು ಅಲುಗಿದರೆ ಸಾಕು, ನಮಗೆ ಕೇಳಿಸುತ್ತದೆ. ಸೆಕೆಂಡಿಗೆ ಸಾವಿರ ಸಲ ಕಂಪಿಸುವ ಅಂಥ ಶಬ್ದದಲ್ಲಿ ಗಾಳಿಯ ಕಣಗಳು ಅತ್ತಿತ್ತ ಸರಿಯುವ ದೂರ ಸುಮಾರು 8 ಪಿಕೊಮೀಟರ್. ಒಂದು ಜಲಜನಕ ಪರಮಾಣುವಿನ ಅಡ್ಡಳತೆ 100 ಪಿಕೊಮೀಟರಿಗಿಂತ ತುಸು ಹೆಚ್ಚು. ಪರಮಾಣುವಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ ಅಲುಗಾಟವನ್ನು ಅರಿಯುವ ಉಪಕರಣವನ್ನು ನಾವೆಲ್ಲ ತಲೆಯ ಎರಡೂ ಬದಿಯಲ್ಲಿ ಹೊತ್ತು ತಿರುಗುತ್ತಿದ್ದೇವೆ. ಅದೇ ಕಿವಿ ಇದರ 10 ಲಕ್ಷ ಪಟ್ಟು ಒತ್ತಡದ ಅಬ್ಬರವನ್ನೂ, ನೋವಾದರೂ, ಸ್ವಲ್ಪ ಹೊತ್ತು ತಾಳಿಕೊಳ್ಳುತ್ತದೆ.

ಇನ್ನು ಆ ಕಿವಿಗೆ ಅಂಟಿ ಕೂರುವ ಇಯರ್‌ಫೋನ್. ಕಿವಿಯೊಳಗೆ ತೂರುವ ಸೂಕ್ಷ್ಮ ಮಾದರಿಗಳು ಒಂದು ಮಿಲಿವ್ಯಾಟ್‌ಗೆ 110 ಡೆಸಿಬಲ್ ಕೂಗುತ್ತವೆ. 16 ಓಮ್ ಪ್ರತಿರೋಧದಲ್ಲಿ ಒಂದು ಮಿಲಿವ್ಯಾಟ್ ಎಂದರೆ 0.126 ವೋಲ್ಟ್. ಹಾಡಿಲ್ಲದಾಗ ಕೇಳುವ ಹಿನ್ನೆಲೆಯ ‘ಸುಯ್’ ಸದ್ದು 10 ಡೆಸಿಬಲ್ ಮೀರಬಾರದು ಎಂದು ಪಣ ತೊಟ್ಟರೆ, ಆ ತಂತಿಯ ಮೇಲೆ ಇರಬಹುದಾದ ಬೇಡದ ವೋಲ್ಟೇಜ್ 100 ಡೆಸಿಬಲ್ ಕೆಳಗೆ, ಅಂದರೆ 1.26 ಮೈಕ್ರೊವೋಲ್ಟ್. ಅದೇ ಬೋರ್ಡಿನಲ್ಲಿ, ಕೆಲವು ಮಿಲಿಮೀಟರ್ ಆಚೆ, ಗಣಕದಿಂದ ಬಂದ ಗೆರೆಗಳು ಸೊನ್ನೆಗೂ 3.3 ವೋಲ್ಟಿಗೂ ನಡುವೆ ಲಕ್ಷಾಂತರ ಸಲ ಜಿಗಿಯುತ್ತಿವೆ. ಭಾಗಿಸಿ ನೋಡಿ: 26 ಲಕ್ಷ. ಡಿಜಿಟಲ್ ಗೆರೆಯ ಜಿಗಿತವನ್ನು ಎವರೆಸ್ಟ್ ಶಿಖರವೆಂದುಕೊಂಡರೆ ಅದರ ಪಕ್ಕದಲ್ಲಿ ನಾವು ಕಾಯಬೇಕಾದ ಮೌನದ ಎತ್ತರ ಒಂದು ಎಳ್ಳುಕಾಳಿನ ಉದ್ದ. ಆ ಪರ್ವತದಿಂದ 26 ಲಕ್ಷದಲ್ಲಿ ಒಂದು ಪಾಲು ಈಚೆಗೆ ಸೋರಿದರೂ ಕಿವಿ ಹಿಡಿದುಬಿಡುತ್ತದೆ.

ಸೋರುವುದು ಎಲ್ಲಿಂದ? ಹೊಸಬರು ತಂತಿಯಿಂದ ತಂತಿಗೆ ನೆಗೆಯುವ ವಿದ್ಯುತ್ತನ್ನು ಶಂಕಿಸುತ್ತಾರೆ. ಹಳಬರು ಮೊದಲು ನೋಡುವುದು ‘ಗ್ರೌಂಡ್’ ಕಡೆಗೆ. ಸರ್ಕಿಟ್ ಚಿತ್ರದಲ್ಲಿ ಗ್ರೌಂಡ್ ಎಂಬುದು ಎಲ್ಲೆಡೆ ಒಂದೇ, ಅದರ ವೋಲ್ಟೇಜ್ ಸೊನ್ನೆ. ನಿಜವಾದ ಬೋರ್ಡಿನಲ್ಲಿ ಅದು 35 ಮೈಕ್ರೊಮೀಟರ್ ದಪ್ಪದ ತಾಮ್ರದ ಹಾಳೆ. ಆ ತಾಮ್ರದ ಒಂದೊಂದು ಚೌಕಕ್ಕೂ ಸುಮಾರು ಅರ್ಧ ಮಿಲಿಓಮ್ ಪ್ರತಿರೋಧವಿದೆ, ಚೌಕ ದೊಡ್ಡದಿರಲಿ ಚಿಕ್ಕದಿರಲಿ. ಒಂದು ಮಿಲಿಮೀಟರ್ ಅಗಲ, ಎರಡು ಸೆಂಟಿಮೀಟರ್ ಉದ್ದದ ಗೆರೆಯೆಂದರೆ 20 ಚೌಕ, 10 ಮಿಲಿಓಮ್. ಲೆಕ್ಕಕ್ಕೆ ಹಿಡಿಯದಷ್ಟು ಎನಿಸುತ್ತದೆ. ಆದರೆ ಡಿಜಿಟಲ್ ಚಿಪ್ 100 ಮಿಲಿಆಂಪಿಯರ್ ಎಳೆದು ಅದನ್ನು ಈ ಗೆರೆಯ ಮೂಲಕ ಮರಳಿ ಕಳಿಸಿದಾಗ ಗೆರೆಯ ಎರಡು ತುದಿಗಳ ನಡುವೆ ಒಂದು ಮಿಲಿವೋಲ್ಟ್ ವ್ಯತ್ಯಾಸ ಏಳುತ್ತದೆ. ಒಂದು ಮಿಲಿವೋಲ್ಟ್ ಎಂದರೆ ಸಾವಿರ ಮೈಕ್ರೊವೋಲ್ಟ್. ನಮಗೆ ಅನುಮತಿ ಇರುವುದು 1.26ಕ್ಕೆ. ಸುಮಾರು 800 ಪಟ್ಟು ಮೀರಿತು! ಸಂಗೀತದ ಸರ್ಕಿಟ್ಟು ಅದೇ ಗೆರೆಯನ್ನು ‘ಸೊನ್ನೆ’ ಎಂದು ನಂಬಿ ಕೂತಿದ್ದರೆ, ಗಣಕದ ಒಂದೊಂದು ಕೆಲಸವೂ ಹಾಡಿನೊಳಗೆ ಕೇಳಿಸುತ್ತದೆ.

ಇದಕ್ಕೆ ಮದ್ದು ದುಬಾರಿ ಬಿಡಿಭಾಗವಲ್ಲ, ವಿವೇಕ. ಯಾವ ವಿದ್ಯುತ್ತು ಎಲ್ಲಿಂದ ಹೊರಟು ಯಾವ ದಾರಿಯಲ್ಲಿ ಮನೆಗೆ ಮರಳುತ್ತದೆ ಎಂದು ಬೋರ್ಡಿನ ಮೇಲೆ ಬೆರಳಿಟ್ಟು ತೋರಿಸಬಲ್ಲವರು ಮಾತ್ರ ಇದನ್ನು ಗೆಲ್ಲುತ್ತಾರೆ. ಕತ್ತರಿಸದ ಅಗಲವಾದ ತಾಮ್ರದ ಪದರ, 68 ಪಿನ್ನುಗಳಿಂದ ಆದಷ್ಟು ದೂರದ ಅಂಚಿನಲ್ಲಿ ಇಯರ್‌ಫೋನ್ ತೂತು, ಗದ್ದಲದ ಚಿಪ್‌ಗಳೆಲ್ಲ ಪಿನ್ನುಗಳ ಪಕ್ಕದಲ್ಲೇ. ಹೀಗಿಟ್ಟರೆ ಡಿಜಿಟಲ್ ವಿದ್ಯುತ್ತು ಸಂಗೀತದ ಅಂಗಳಕ್ಕೆ ಕಾಲಿಡದೆ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಇಂಥ ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿದರೆ ವಿಶೇಷವೇನೂ ಕಾಣುವುದಿಲ್ಲ. ಅದರ ಗುಣವೆಲ್ಲ ಯಾವುದು ಯಾವುದರಿಂದ ಎಷ್ಟು ದೂರ ಎಂಬುದರಲ್ಲಿದೆ.

ಗಣಕದ ಗದ್ದಲದ ಬಗ್ಗೆ ಇನ್ನೊಂದು ವಿಚಾರ. 1 ಕೋಟಿ 66 ಲಕ್ಷ ಸಲದ ಮಿಡಿತ ಕಿವಿಗೆ ಕೇಳಿಸುವಂಥದ್ದಲ್ಲ. ನಮ್ಮ ಶ್ರವಣ 20,000ಕ್ಕೇ ಮುಗಿಯುತ್ತದೆ. ಅಪಾಯ ಇರುವುದು ಆ ಮಿಡಿತದಲ್ಲಲ್ಲ, ಅದರ ದಿನಚರಿಯಲ್ಲಿ. ಬ್ಯಾಟರಿ ಉಳಿಸಲು ಪ್ರೊಸೆಸರ್ ಒಂದು ಕ್ಷಣ ದುಡಿಯುತ್ತದೆ, ಮರುಕ್ಷಣ ತೂಕಡಿಸುತ್ತದೆ, ಮತ್ತೆ ಎದ್ದು ಪರದೆಗೆ ಗೆರೆ ಬಳಿಯುತ್ತದೆ. ಈ ಏಳುಬೀಳು ಸೆಕೆಂಡಿಗೆ ನೂರಾರು ಸಲ ನಡೆಯುವಂಥದ್ದು, ಅಂದರೆ ಸರಿಯಾಗಿ ಕಿವಿಯ ವ್ಯಾಪ್ತಿಯೊಳಗೇ. ವೈಸರ್‌ನಂಥ ಗಣಕಗಳ ಪರದೆಯ ಹಸಿರು ಹಿಂಬೆಳಕನ್ನು ಹೊತ್ತಿಸಲು ನೂರು ವೋಲ್ಟಿನ ಆಸುಪಾಸಿನ ಪರ್ಯಾಯ ವಿದ್ಯುತ್ತು ಬೇಕು. ಅದು ಕಂಪಿಸುವುದೂ ಸೆಕೆಂಡಿಗೆ ಕೆಲವು ನೂರು ಸಲ. ಎರಡು ಪುಟ್ಟ ಟ್ರಿಪಲ್-ಎ ಸೆಲ್ಲುಗಳ 3 ವೋಲ್ಟನ್ನು ನೂರಕ್ಕೆ ಏರಿಸಿ, ಅದರ ಬೆನ್ನಿಗೇ ಒಂದು ಮೈಕ್ರೊವೋಲ್ಟಿನ ಮೌನವನ್ನು ಕಾಯುವುದು ಎಂದರೆ ಏನೆಂದು ಊಹಿಸಿಕೊಳ್ಳಿ.

ಜೇಬಿನಲ್ಲಿ ಮೊಬೈಲ್ ಫೋನೂ ಇದ್ದರೆ ಪರಿಸ್ಥಿತಿ ಇನ್ನೂ ಬಿಗಿ. ಕರೆ ಬರುವ ಮುನ್ನ ರೇಡಿಯೊ, ಟಿ.ವಿ.ಗಳಲ್ಲಿ ‘ಟಕಟಕ ಟಕಟಕ’ ಎಂದು ಸದ್ದಾಗುತ್ತಿದ್ದ ಕಾಲ ಅನೇಕರಿಗೆ ನೆನಪಿರಬಹುದು. ಜಿಎಸ್‌ಎಂ ಫೋನು 4.615 ಮಿಲಿಸೆಕೆಂಡಿಗೊಮ್ಮೆ, 577 ಮೈಕ್ರೊಸೆಕೆಂಡ್ ಕಾಲ, ಗರಿಷ್ಠ 2 ವ್ಯಾಟ್ ಶಕ್ತಿಯಲ್ಲಿ ರೇಡಿಯೊ ತರಂಗ ಚಿಮ್ಮಿಸುತ್ತಿತ್ತು. ಸೆಕೆಂಡಿಗೆ 217 ಚಿಮ್ಮು. ಆ ಸದ್ದಿನ ಸ್ವರ ಅದೇ. ಇತ್ತ ನಮ್ಮ ಇಯರ್‌ಫೋನಿನ 1.26 ಮೈಕ್ರೊವೋಲ್ಟನ್ನು ಶಕ್ತಿಯ ಲೆಕ್ಕಕ್ಕೆ ತಿರುಗಿಸಿದರೆ ಒಂದು ವ್ಯಾಟ್‌ನ 10 ಲಕ್ಷ ಕೋಟಿಯಲ್ಲಿ ಒಂದು ಪಾಲು. ಒಂದೇ ಜೇಬಿನೊಳಗೆ, 20 ಲಕ್ಷ ಕೋಟಿ ಪಟ್ಟು ವ್ಯತ್ಯಾಸದ ಎರಡು ಶಕ್ತಿಗಳು. ಹ್ಯಾಂಡ್‌ಸ್ಪ್ರಿಂಗ್ ತಾನೇ 2000ದಲ್ಲಿ ವೈಸರ್‌ಫೋನ್ ಎಂಬ ಜಿಎಸ್‌ಎಂ ಮಾಡ್ಯೂಲನ್ನು ಅದೇ ಗೂಡಿಗೆ ತಂದಿತು. ಮುಂದೆ ಫೋನು, ಗಣಕ, ಸಂಗೀತ ಮೂರೂ ಒಂದೇ ಪೆಟ್ಟಿಗೆಯಲ್ಲಿ ಬೆರೆತ ಮೇಲೆ ಈ 217ರ ಸದ್ದನ್ನು ಹೊರಗಿಡುವುದು ಒಂದು ಪೀಳಿಗೆಯ ಎಂಜಿನಿಯರರ ನಿತ್ಯದ ದುಡಿಮೆಯಾಯಿತು.

ವೋಲ್ಟೇಜಿನಷ್ಟೇ ಕಠಿಣವಾದದ್ದು ಕಾಲ. ಮೊದಲು 44,100 ಎಂಬ ಆ ಸಂಖ್ಯೆಯನ್ನೇ ನೋಡೋಣ, ಅದರಲ್ಲೊಂದು ಸೊಗಸಿದೆ. ಡಿಜಿಟಲ್ ಧ್ವನಿಮುದ್ರಣದ ಆರಂಭದ ದಿನಗಳಲ್ಲಿ ಅಷ್ಟೊಂದು ಬಿಟ್‌ಗಳನ್ನು ಹಿಡಿದಿಡಬಲ್ಲ ಯಂತ್ರವೆಂದರೆ ವಿಡಿಯೊ ರೆಕಾರ್ಡರ್. ಚಿತ್ರದ ಒಂದೊಂದು ಗೆರೆಗೂ ಮೂರು ಅಳತೆ ತುಂಬುತ್ತಿದ್ದರು. ಸೆಕೆಂಡಿಗೆ 60 ಸಲ ಚಿತ್ರ ಬರೆಯುವ ದೇಶಗಳಲ್ಲಿ ಬಳಸಲು ಸಿಗುವ ಗೆರೆ 245. ಮೂರರಿಂದ ಗುಣಿಸಿ, 60ರಿಂದ ಗುಣಿಸಿದರೆ 44,100. ಸೆಕೆಂಡಿಗೆ 50 ಸಲ ಬರೆಯುವ ದೇಶಗಳಲ್ಲಿ 294 ಗೆರೆ. ಮೂರರಿಂದ, 50ರಿಂದ ಗುಣಿಸಿದರೆ ಮತ್ತೆ ಅದೇ 44,100. ಎರಡು ಬೇರೆ ಬೇರೆ ಟಿ.ವಿ. ಪದ್ಧತಿಗಳು ಒಂದೇ ಸಂಖ್ಯೆಯಲ್ಲಿ ಕೈಕುಲುಕಿದವು. ಅದು 210ರ ವರ್ಗ. 2, 3, 5, 7 ಎಂಬ ಮೊದಲ ನಾಲ್ಕು ಅವಿಭಾಜ್ಯ ಸಂಖ್ಯೆಗಳ ವರ್ಗಗಳನ್ನು ಗುಣಿಸಿದರೆ ಬರುವ ಗುಣಲಬ್ಧ. ಹೀಗೆ ಟಿ.ವಿ.ಯ ಗೆರೆಗಳಿಂದ ಹುಟ್ಟಿದ ಲೆಕ್ಕ 1982ರಲ್ಲಿ ಸಿ.ಡಿ.ಯಾಗಿ ಜಗತ್ತಿಗೆ ಬಂತು. ವಿಡಿಯೊ ಮತ್ತು ವೃತ್ತಿಪರ ಧ್ವನಿ ಮಾತ್ರ ಬೇರೆ ದಾರಿ ಹಿಡಿದು 48,000ಕ್ಕೆ ಅಂಟಿಕೊಂಡವು. ಈ ಎರಡರ ಅನುಪಾತ 147ಕ್ಕೆ 160. ಸುಲಭವಾಗಿ ಒಂದರಿಂದ ಇನ್ನೊಂದನ್ನು ಪಡೆಯುವಂತಿಲ್ಲ. ಅದಕ್ಕೇ ಒಳ್ಳೆಯ ಬೋರ್ಡುಗಳಲ್ಲಿ ಎರಡು ಸ್ಫಟಿಕಗಳಿರುತ್ತವೆ: ಒಂದು ಸೆಕೆಂಡಿಗೆ 1,12,89,600 ಸಲ ಕಂಪಿಸುವಂಥದ್ದು, ಇನ್ನೊಂದು 1,22,88,000 ಸಲ. ಎರಡನ್ನೂ 256ರಿಂದ ಭಾಗಿಸಿದರೆ ಬೇಕಾದ ವೇಗಗಳು ಸಿಗುತ್ತವೆ.

ಗಣಕದಲ್ಲೇ ಒಂದು ಗಡಿಯಾರ ಇರುವಾಗ ಹೊಸ ಸ್ಫಟಿಕ ಯಾಕೆ? ಡ್ರ್ಯಾಗನ್‌ಬಾಲ್‌ನ ಮೂಲ ಗಡಿಯಾರ ಕೈಗಡಿಯಾರಗಳಲ್ಲಿರುವಂಥ, ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕ. ಚಿಪ್ಪಿನೊಳಗಿನ ಸರ್ಕಿಟ್ಟು ಅದನ್ನು 506 ಪಟ್ಟು ಏರಿಸಿ 1,65,80,608 ಮಾಡುತ್ತದೆ. ಲೆಕ್ಕಪತ್ರಕ್ಕೆ, ದಿನಚರಿಗೆ ಅದು ಧಾರಾಳ. ಆದರೆ ಹಾಗೆ ಏರಿಸಿದ ಮಿಡಿತ ಒಂದು ಸಲ ತುಸು ಬೇಗ, ಒಂದು ಸಲ ತುಸು ತಡ ಬರುತ್ತದೆ. ಆಡಿಯೊ ಮಂದಿ ಇದನ್ನು ಜಿಟ್ಟರ್ ಎನ್ನುತ್ತಾರೆ. ಸಂಗೀತಕ್ಕೆ ಎಷ್ಟು ತಡವಾದರೆ ತಡ? 20,000 ಆವರ್ತನದ, ಪೂರ್ಣ ಎತ್ತರದ ಅಲೆಯನ್ನು ತೆಗೆದುಕೊಳ್ಳಿ. ಅದು ಸೊನ್ನೆಯನ್ನು ದಾಟುವಾಗ ಅತ್ಯಂತ ಕಡಿದಾಗಿ ಏರುತ್ತದೆ. ಆ ಜಾಗದಲ್ಲಿ 16 ಬಿಟ್ಟಿನ ಅರ್ಧ ಮೆಟ್ಟಿಲಿನಷ್ಟೂ ತಪ್ಪಬಾರದೆಂದರೆ ಕಾಲದ ತಪ್ಪು 121 ಪಿಕೊಸೆಕೆಂಡ್ ಮೀರಕೂಡದು. ಸೆಕೆಂಡಿನಲ್ಲಿ ಭೂಮಿಯನ್ನು ಏಳು ಸುತ್ತು ಹಾಕುವಷ್ಟು ದೂರ ಓಡುವ ಬೆಳಕು ಈ ಅವಧಿಯಲ್ಲಿ ಸಾಗುವುದು ಮೂರೂವರೆ ಸೆಂಟಿಮೀಟರ್, ಹೆಬ್ಬೆರಳಿನ ತುದಿಯಿಂದ ಗೆಣ್ಣಿನವರೆಗೆ. 24 ಬಿಟ್‌ಗೆ ಇದೇ ನಿಯಮ ಹೇರಿದರೆ ಅರ್ಧ ಪಿಕೊಸೆಕೆಂಡ್‌ಗೂ ಕಡಿಮೆ. ಅಷ್ಟರಲ್ಲಿ ಬೆಳಕು ಒಂದು ಮಿಲಿಮೀಟರಿನ ಏಳನೇ ಒಂದು ಭಾಗ ಸರಿದಿರುತ್ತದೆ. ಸ್ಫಟಿಕವನ್ನು ಮಾಡ್ಯೂಲಿನಲ್ಲೇ, ಅದೂ ಪರಿವರ್ತಕ ಚಿಪ್ಪಿನ ಮಗ್ಗುಲಲ್ಲೇ ಕೂರಿಸಿ, ಗಡಿಯಾರದ ಯಜಮಾನಿಕೆಯನ್ನು ಗಣಕದಿಂದ ಕಿತ್ತು ಅದಕ್ಕೆ ಒಪ್ಪಿಸುವುದು ಈ ಕಾರಣಕ್ಕೆ.

ಈ ಪರಿವರ್ತಕ ಚಿಪ್ಪನ್ನು ‘ಡ್ಯಾಕ್’ ಎನ್ನುತ್ತಾರೆ. ಅಂಕಿಯನ್ನು ವೋಲ್ಟೇಜ್ ಮಾಡುವುದು ಅದರ ಕೆಲಸ. 16 ಬಿಟ್ಟಿಗೆ 65,536 ಮೆಟ್ಟಿಲು, 24 ಬಿಟ್ಟಿಗೆ 1,67,77,216 ಮೆಟ್ಟಿಲು. ನೇರ ದಾರಿಯೆಂದರೆ ರೆಸಿಸ್ಟರುಗಳ ಏಣಿ ಕಟ್ಟುವುದು. ಆದರೆ ಅತಿ ದೊಡ್ಡ ಬಿಟ್ಟಿನ ರೆಸಿಸ್ಟರು ಉಳಿದೆಲ್ಲವುಗಳ ಮೊತ್ತಕ್ಕೆ ಒಂದು ಮೆಟ್ಟಿಲಿನ ಅಂತರದಲ್ಲಿ ಸರಿತೂಗಬೇಕು. 24 ಬಿಟ್ಟಿಗೆ ಅದು ಸುಮಾರು 84 ಲಕ್ಷದಲ್ಲಿ ಒಂದು ಪಾಲಿನ ನಿಖರತೆ. ಸಾಕಷ್ಟು ಒಳ್ಳೆಯ ರೆಸಿಸ್ಟರ್ ಕೂಡ ಒಂದು ಡಿಗ್ರಿ ಬಿಸಿಯಾದರೆ 10 ಲಕ್ಷದಲ್ಲಿ 25 ಪಾಲು ಬದಲಾಗುತ್ತದೆ. ಅಂಗೈಯ ಬಿಸಿಗೆ ಒಂದು ಡಿಗ್ರಿ ಏರಿತು ಎಂದರೆ 210 ಮೆಟ್ಟಿಲು ಜಾರಿತು! ಏಣಿಯ ದಾರಿ ಮುಚ್ಚಿದಂತೆಯೇ.

ತೆರೆದ ದಾರಿ ಬೇರೊಂದಿತ್ತು, ಅದನ್ನು ನೆನೆದಾಗಲೆಲ್ಲ ನನಗೆ ಮನುಷ್ಯನ ಬುದ್ಧಿಯ ಬಗ್ಗೆ ಹೆಮ್ಮೆಯಾಗುತ್ತದೆ. ಫಿಲಿಪ್ಸ್ ಕಂಪನಿಯ ಮೊದಲ ಸಿ.ಡಿ. ಪ್ಲೇಯರಿನ ಡ್ಯಾಕ್‌ಗೆ ಇದ್ದದ್ದು 14 ಬಿಟ್ಟಿನ ನಿಖರತೆ ಮಾತ್ರ. ಎಂಜಿನಿಯರರು ಅದನ್ನು ನಾಲ್ಕು ಪಟ್ಟು ವೇಗವಾಗಿ, ಸೆಕೆಂಡಿಗೆ 1,76,400 ಸಲ ಓಡಿಸಿ, ಉಳಿದ ತಪ್ಪನ್ನು ಕಿವಿಗೆ ಕೇಳದ ಎತ್ತರದ ಆವರ್ತನಗಳಿಗೆ ದೂಡಿ 16 ಬಿಟ್ಟಿನ ಕೆಲಸ ತೆಗೆದರು. ಆ ಯುಕ್ತಿಯನ್ನು ತುದಿಯವರೆಗೂ ಎಳೆದರೆ ಡೆಲ್ಟಾ-ಸಿಗ್ಮಾ ಪರಿವರ್ತಕ ಸಿಗುತ್ತದೆ. ಅದರ ಮೂಲ ರೂಪದಲ್ಲಿ ಇರುವುದು ಒಂದೇ ಬಿಟ್: ಮೇಲೋ, ಕೆಳಗೋ. ಈ ತೀರ್ಮಾನವನ್ನು ಅದು ಸೆಕೆಂಡಿಗೆ 28,22,400 ಸಲ ಮಾಡುತ್ತದೆ. ಪ್ರತಿ ಸಲವೂ ಹಿಂದಿನ ತಪ್ಪನ್ನು ನೆನಪಿಟ್ಟುಕೊಂಡು ಮುಂದಿನದರಲ್ಲಿ ತೀರಿಸುತ್ತದೆ. ವೋಲ್ಟೇಜಿನಲ್ಲಿ ಸಾಧಿಸಲಾಗದ ನಿಖರತೆಯನ್ನು ಕಾಲದಲ್ಲಿ ಸಾಧಿಸುವ ಜಾಣ್ಮೆ ಇದು. ಹಾಗಾಗಿಯೇ ಗಡಿಯಾರಕ್ಕೆ ಅಷ್ಟು ಮರ್ಯಾದೆ.

ಇಷ್ಟೆಲ್ಲ ಮಾಡಿಯೂ 24 ಬಿಟ್ ನಿಜಕ್ಕೂ ಕೈಗೆ ಸಿಗುತ್ತದೆಯೇ? ಮಾಡ್ಯೂಲು ಗರಿಷ್ಠ ಒಂದು ವೋಲ್ಟ್ ಕೊಡುತ್ತದೆ ಎಂದುಕೊಂಡರೆ 24 ಬಿಟ್ಟಿನ ಒಂದು ಮೆಟ್ಟಿಲು 0.17 ಮೈಕ್ರೊವೋಲ್ಟ್. ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ, ಯಾವುದಕ್ಕೂ ಜೋಡಿಸದ ಒಂದು ಕಿಲೋಓಮ್ ರೆಸಿಸ್ಟರನ್ನು ತೆಗೆದುಕೊಳ್ಳಿ. ಕೋಣೆಯ ಬಿಸಿಗೆ ಅದರೊಳಗಿನ ಎಲೆಕ್ಟ್ರಾನುಗಳು ಅಡ್ಡಾದಿಡ್ಡಿ ಓಡಾಡುತ್ತವೆ, ಅಷ್ಟರಿಂದಲೇ ಅದರ ತುದಿಗಳ ನಡುವೆ, ಕಿವಿಯ ವ್ಯಾಪ್ತಿಯೊಳಗೆ, 0.57 ಮೈಕ್ರೊವೋಲ್ಟ್ ಏಳುತ್ತದೆ. ಬ್ಯಾಟರಿಯೂ ಇಲ್ಲ, ಸಂಗೀತವೂ ಇಲ್ಲ, ಬರೀ ಉಷ್ಣತೆ. ಆ ಒಂದು ಬಿಡಿಭಾಗದ ಬಿಸಿಯೊಳಗೆ ಮೂರು ಮೆಟ್ಟಿಲು ಮುಳುಗಿಹೋದವು. ನಮ್ಮ 1.26 ಮೈಕ್ರೊವೋಲ್ಟಿನ ಗುರಿ ಮುಟ್ಟಿದ ಮಾಡ್ಯೂಲು ಲೆಕ್ಕದಲ್ಲಿ 19 ಬಿಟ್ ಚಿಲ್ಲರೆಗೆ ನಿಲ್ಲುತ್ತದೆ. ಪೆಟ್ಟಿಗೆಯ ಮೇಲೆ 24 ಎಂದು ಅಚ್ಚು ಹಾಕುವವರು ಹಾಕಲಿ, ಅಂಗೈಯೊಳಗಿನ ಬೋರ್ಡಿನಲ್ಲಿ ನಿಜವಾದ 19 ಬಿಟ್ ತೆಗೆದ ಎಂಜಿನಿಯರನಿಗೆ ನಾನು ಕೈಮುಗಿಯುತ್ತೇನೆ.

ಹಾಗೆಂದು 24 ದಂಡವಲ್ಲ. ಒಂದು ವೋಲ್ಟನ್ನು ಆ ಸೂಕ್ಷ್ಮ ಇಯರ್‌ಫೋನಿಗೆ ಪೂರ್ತಿ ಕೊಟ್ಟರೆ 128 ಡೆಸಿಬಲ್, ಕಿವಿಗೆ ಅಪಾಯ. ಹಿತವಾಗಿ ಕೇಳುವ 80ಕ್ಕೆ ಇಳಿಸಲು 48 ಡೆಸಿಬಲ್ ತಗ್ಗಿಸಬೇಕು. ಅದನ್ನು ಅಂಕಿಗಳಲ್ಲೇ ಮಾಡಿದರೆ ಪ್ರತಿ ಅರೆಗೊಳಿಕೆಗೆ ಒಂದೊಂದರಂತೆ ಎಂಟು ಬಿಟ್ ಕಳೆಯುತ್ತವೆ. 16 ಬಿಟ್ಟಿನ ದಾರಿಯಲ್ಲಿ ಹಾಡಿಗೆ ಉಳಿಯುವುದು ಎಂಟೇ. 24ರ ದಾರಿಯಲ್ಲಾದರೆ 16 ಬಿಟ್ಟಿನ ಹಾಡು ಇಡಿಯಾಗಿ ಕೆಳಗೆ ಸರಿದು ಕೂರುತ್ತದೆ.

ಕೆಪಾಸಿಟರುಗಳ ಬಗ್ಗೆ ಒಂದು ಮಾತು ಸಾಕು: ಚಿಕ್ಕ ಜಾಗದಲ್ಲಿ ಹೆಚ್ಚು ಹಿಡಿಸುವ ಸೆರಾಮಿಕ್ ಬಗೆಯವು ಅದುಮಿದರೆ ವೋಲ್ಟೇಜ್ ಹುಟ್ಟಿಸುತ್ತವೆ. ಗಣಕವನ್ನು ಮೇಜಿನ ಮೇಲೆ ಕುಕ್ಕಿದರೆ ಆ ಸದ್ದು ಹಾಡಿನೊಳಗೆ ಬಂದೀತು. ಸಂಗೀತ ಹಾಯುವ ದಾರಿಯಲ್ಲಿ ಅವಕ್ಕೆ ಜಾಗ ಕೊಡುವುದಿಲ್ಲ.

ಶಕ್ತಿಯ ಲೆಕ್ಕ ಎಲ್ಲಕ್ಕಿಂತ ವಿಚಿತ್ರ. ಮಿಲಿವ್ಯಾಟ್‌ಗೆ 110 ಡೆಸಿಬಲ್ ಕೊಡುವ ಇಯರ್‌ಫೋನಿಗೆ 80 ಡೆಸಿಬಲ್ ಹಾಡಲು ಬೇಕಾದದ್ದು ಒಂದು ಮೈಕ್ರೊವ್ಯಾಟ್. ಎರಡು ಕಿವಿಗೆ ಎರಡು. ಎರಡು ಟ್ರಿಪಲ್-ಎ ಸೆಲ್ಲುಗಳಲ್ಲಿ ಸುಮಾರು 3 ವ್ಯಾಟ್-ಗಂಟೆಯಷ್ಟು ಶಕ್ತಿಯಿದೆ. ಅದಷ್ಟೂ ಕಿವಿಗೇ ತಲುಪುವಂತಿದ್ದರೆ ಹಾಡು 15 ಲಕ್ಷ ಗಂಟೆ, ಅಂದರೆ 171 ವರ್ಷ ನಡೆಯಬೇಕು. ನಡೆಯುವುದು ಒಂದು ಹಗಲಿನಷ್ಟೂ ಇಲ್ಲ. ಮಾಡ್ಯೂಲು 3.3 ವೋಲ್ಟಿನಲ್ಲಿ 100 ಮಿಲಿಆಂಪಿಯರ್ ಎಳೆದರೆ 330 ಮಿಲಿವ್ಯಾಟ್; 9 ಗಂಟೆಗೆ ಸೆಲ್ಲು ಖಾಲಿ. ವ್ಯಯವಾದ ಶಕ್ತಿಯ 1,65,000ದಲ್ಲಿ ಒಂದು ಪಾಲು ಮಾತ್ರ ಇಯರ್‌ಫೋನ್ ಸೇರಿತು. ಉಳಿದದ್ದೆಲ್ಲ ಬಿಟ್ ಬಿಡಿಸಲು, ಗಡಿಯಾರ ಮಿಡಿಯಲು, ಮತ್ತೆ ಆ ಮೌನವನ್ನು ಕಾಯಲು.

ಬೆಂಗಳೂರಿನಲ್ಲೂ ಅದೇ ಕಾಲಕ್ಕೆ ಒಂದು ಅಂಗೈಗಣಕ ರೂಪುಗೊಳ್ಳುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ 2001ರಲ್ಲಿ ತೋರಿಸಿದ ಸಿಂಪ್ಯೂಟರ್ ಅದು. ಅದರ ಸ್ಟ್ರಾಂಗ್‌ಆರ್ಮ್ ಚಿಪ್ಪಿನ ಮಿಡಿತ ಸೆಕೆಂಡಿಗೆ 20 ಕೋಟಿ 60 ಲಕ್ಷ. ವೈಸರ್‌ನಲ್ಲಿ 188 ಇದ್ದ ಜಾಗದಲ್ಲಿ ಇಲ್ಲಿ ಒಂದು ಅಳತೆಗೆ 2,335 ಮಿಡಿತ, ಗುಣಾಕಾರವೂ ಬೆರಳೆಣಿಕೆಯ ಮಿಡಿತಗಳಲ್ಲಿ ಮುಗಿಯುತ್ತಿತ್ತು. ಎಂಪಿ3 ಬಿಡಿಸಲು ಇದಕ್ಕೆ ಬೇರೆ ಮಿದುಳು ಬೇಡ. ಸಿಂಪ್ಯೂಟರ್‌ಗೆ ಧ್ವನಿ ಒಂದು ವಿಲಾಸವಾಗಿರಲಿಲ್ಲ ಎಂಬುದು ನನಗೆ ಹೆಚ್ಚು ಮುಖ್ಯ ಎನಿಸುತ್ತದೆ. ಓದು ಬಾರದವರಿಗೂ ಗಣಕ ದಕ್ಕಬೇಕು ಎಂಬುದು ಅದರ ಆಶಯ. ಅದಕ್ಕಾಗಿ ಕನ್ನಡ, ಹಿಂದಿ ಪಠ್ಯವನ್ನು ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶ ಹುಟ್ಟಿತು. 2004ರಲ್ಲಿ ‘ಅಮಿಡಾ’ ಹೆಸರಿನಲ್ಲಿ ಅದರ ಒಂದು ಮಾದರಿಯನ್ನು ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿತು. ಅಷ್ಟು ಹೊತ್ತಿಗೆ ಹ್ಯಾಂಡ್‌ಸ್ಪ್ರಿಂಗ್ ಪಾಮ್ ಕಂಪನಿಯೊಳಗೆ ಕರಗಿತ್ತು, ಸ್ಪ್ರಿಂಗ್‌ಬೋರ್ಡ್ ಗೂಡು ಹೊಸ ಸಾಧನಗಳಲ್ಲಿ ಇಲ್ಲವಾಗಿತ್ತು. ಆದರೆ ಆ ಮಾಡ್ಯೂಲಿನ ವಂಶ ಅಳಿದಿಲ್ಲ. 2016ರಲ್ಲಿ ಐಫೋನ್ ಇಯರ್‌ಫೋನ್ ತೂತನ್ನು ಕೈಬಿಟ್ಟ ಮೇಲೆ ಮನೆಮನೆಗೆ ಬಂದ ಬೆರಳುದ್ದದ ಅಡಾಪ್ಟರುಗಳಲ್ಲಿ ಡ್ಯಾಕ್, ವರ್ಧಕ, ಗಡಿಯಾರ ಎಲ್ಲವೂ ಪ್ಲಗ್ಗಿನೊಳಗೇ ಅಡಗಿ ಕೂತಿವೆ.

ಕೊನೆಗೆ ಬೋರ್ಡು ತಯಾರಾಗಿ ಮೇಜಿಗೆ ಬಂದಾಗ ಅದರ ಮೌನವನ್ನು ಅಳೆಯುವುದು ಹೇಗೆ? ಬರೀ ಸೊನ್ನೆಗಳಿರುವ ಕಡತ ನುಡಿಸಿ ಉಳಿದ ಸದ್ದನ್ನು ಅಳೆದರಾಯಿತು ಎನಿಸಬಹುದು. ಅದು ಸಾಲದು. ಅನೇಕ ಡ್ಯಾಕ್ ಚಿಪ್ಪುಗಳು ಸೊನ್ನೆಗಳ ಸಾಲು ಕಂಡೊಡನೆ ತಮ್ಮ ಬಾಯಿಯನ್ನು ತಾವೇ ಮುಚ್ಚಿಕೊಳ್ಳುತ್ತವೆ. ಆಗ ಸಿಗುವ ಅಂಕಿ ಸುಂದರ, ಆದರೆ ಸುಳ್ಳು. ಹಾಡು ನಡೆಯುತ್ತಿರುವಾಗ ಅದರ ಬುಡದಲ್ಲಿ ಎಷ್ಟು ಗದ್ದಲವಿದೆ ಎಂಬುದಲ್ಲವೇ ಬೇಕಾದದ್ದು? ಹಾಗಾಗಿ ಆಡಿಯೊ ಎಂಜಿನಿಯರರ ಎಇಎಸ್17 ಮಾನದಂಡ ಹೇಳುವ ವಿಧಾನ ಬೇರೆ. ಪೂರ್ಣ ಎತ್ತರದ ಸಾವಿರದಲ್ಲಿ ಒಂದು ಪಾಲಿನ ಕ್ಷೀಣ ಸ್ವರವೊಂದನ್ನು ನುಡಿಸುತ್ತಾರೆ. 16 ಬಿಟ್ಟಿನ ಲೆಕ್ಕದಲ್ಲಿ ಸೊನ್ನೆಯಿಂದ ಮೇಲಕ್ಕೆ 33 ಮೆಟ್ಟಿಲು, ಕೆಳಕ್ಕೆ 33. ಚಿಪ್ಪು ಎಚ್ಚರವಾಗಿಯೇ ಇರಬೇಕಾಗುತ್ತದೆ. ಆಮೇಲೆ ಅಳೆಯುವ ಯಂತ್ರ ಆ ಸ್ವರವೊಂದನ್ನೇ ಸೋಸಿ ತೆಗೆದು, ಉಳಿದದ್ದನ್ನು ತೂಗುತ್ತದೆ. ಆ ಸ್ವರ ಸೆಕೆಂಡಿಗೆ 1,000 ಕಂಪನದ್ದಲ್ಲ, 997ರದ್ದು. ಸಾವಿರದ ಸ್ವರವನ್ನು 48,000 ವೇಗದಲ್ಲಿ ಅಳೆದರೆ 48 ಅಳತೆಗೊಮ್ಮೆ ಅಲೆ ಅದೇ ಜಾಗಗಳಿಗೆ ಮರಳುತ್ತದೆ. ಗಂಟೆಗಟ್ಟಲೆ ನುಡಿಸಿದರೂ ಚಿಪ್ಪು ಆ 48 ಬಿಂದುಗಳಾಚೆ ಹೋಗುವುದೇ ಇಲ್ಲ, ಬೇರೆಡೆ ಇರುವ ತಪ್ಪು ಅಡಗಿಯೇ ಉಳಿಯುತ್ತದೆ. 997 ಅವಿಭಾಜ್ಯ ಸಂಖ್ಯೆ. ಅದು 48,000ದೊಡನೆಯೂ 44,100ರೊಡನೆಯೂ ಎಲ್ಲೂ ಹೊಂದಿಕೊಳ್ಳುವುದಿಲ್ಲ. ಒಂದು ಸೆಕೆಂಡು ಪೂರ್ತಿ ಕಳೆಯುವವರೆಗೆ ಅಲೆಯ ಮೇಲಿನ ಯಾವ ಬಿಂದುವಿಗೂ ಅದು ಎರಡನೇ ಸಲ ಬರುವುದಿಲ್ಲ. 48,000 ಅಳತೆಗಳೂ 48,000 ಬೇರೆ ಬೇರೆ ಜಾಗಗಳನ್ನು ತಟ್ಟಿ ನೋಡುತ್ತವೆ.